ಶನಿವಾರದ ಗಿರಾಕಿ ಬರೆದುಕೊಟ್ಟ ಕ್ಯೋಟೊ

ಆ ನಕ್ಷೆ ಈಗಲೂ ನನ್ನ ಹತ್ತಿರ ಇದೆ. ನಕ್ಷೆ ಎಂದರೆ ದೊಡ್ಡದೇನಲ್ಲ, ನಮ್ಮ ಹೋಟೆಲಿನಲ್ಲಿ ತಟ್ಟೆಯ ಕೆಳಗೆ ಹಾಸುತ್ತಿದ್ದ ಕಾಗದದ ಹಿಂಬದಿ. ಒಂದು ಮೂಲೆಯಲ್ಲಿ ಸಾಂಬಾರಿನ ಕಲೆ ಇದೆ, ಅದು ತುಕ್ಕಿನ ಬಣ್ಣಕ್ಕೆ ತಿರುಗಿದೆ. ಮಗಳು ಅದಕ್ಕೆ ಫ್ರೇಮ್ ಹಾಕಿಸುತ್ತೇನೆ ಎಂದಳು, ನಾನು ಕೊಡಲಿಲ್ಲ. ಗೋಡೆಗೆ ತೂಗುಹಾಕಿದರೆ ಬಂದವರೆಲ್ಲ ಏನು ಎತ್ತ ಎಂದು ಕೇಳುತ್ತಾರೆ. ಡ್ರಾಯರಿನಲ್ಲಿದ್ದರೆ ನನಗೆ ಬೇಕಾದಾಗ ನಾನೇ ತೆಗೆದು ನೋಡಬಹುದು.

ಹೋಟೆಲು ಈಗ ಇಲ್ಲ. ನ್ಯೂಜೆರ್ಸಿಯ ಐಸೆಲಿನ್‌ನ ಓಕ್ ಟ್ರೀ ರೋಡಿನಲ್ಲಿ ಅದಿದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ನಮ್ಮವರೂ ತೀರಿಹೋಗಿ ಎರಡು ವರ್ಷವಾಯಿತು. ಹಾಗಾಗಿ ಇದನ್ನೆಲ್ಲ ಹೇಳುವಾಗ ‘ಹಾಗಲ್ಲ ಮಾರಾಯ್ತಿ, ಹೀಗೆ’ ಎಂದು ನಡುವೆ ಬಾಯಿ ಹಾಕುವವರು ಯಾರೂ ಇಲ್ಲ. ಮೊದಲು ಅವರು ಹಾಗೆ ಬಾಯಿ ಹಾಕಿದರೆ ನನಗೆ ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ಬಾಯಿ ಹಾಕಲಿ ಎನ್ನಿಸುತ್ತದೆ.

ನಾವು ಉಡುಪಿ ಕಡೆಯವರು. ನಮ್ಮವರು ಮುಂಬಯಿಯಲ್ಲಿ ಚಿಕ್ಕಪ್ಪನ ಹೋಟೆಲಿನಲ್ಲಿ ದೋಸೆ ಹುಯ್ಯಲು ಕಲಿತು, ಅಲ್ಲಿಂದ ನ್ಯೂಜೆರ್ಸಿಗೆ ಬಂದು, ಬೇರೆಯವರ ಅಡುಗೆಮನೆಗಳಲ್ಲಿ ಬೆವರಿಳಿಸಿ, ಕೊನೆಗೆ ನಮ್ಮದೇ ಎಂದು ಒಂದು ಸಣ್ಣ ಹೋಟೆಲು ಮಾಡಿದ್ದು. ಹನ್ನೆರಡು ಮೇಜು. ಕಾವಲಿಯ ಹತ್ತಿರ ಅವರು, ಗಲ್ಲಾದಲ್ಲಿ ನಾನು. ವಾರಾಂತ್ಯದಲ್ಲಿ ದೂರದೂರದಿಂದ ಜನ ಸೀರೆ, ಚಿನ್ನ, ನುಗ್ಗೆಕಾಯಿ ಎಂದು ಓಕ್ ಟ್ರೀ ರೋಡಿಗೆ ಬರುತ್ತಿದ್ದರು. ಬಂದವರು ಹಸಿದಿರುತ್ತಿದ್ದರು. ನಮಗೆ ಅಷ್ಟು ಸಾಕಿತ್ತು.

ಶನಿವಾರ ಹನ್ನೊಂದೂಕಾಲಿಗೆ, ಗದ್ದಲ ಶುರುವಾಗುವ ಮೊದಲು, ಒಬ್ಬರು ಜಪಾನಿನವರು ಬರುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು. ಪಾರ್ಸಿಪನಿಯಲ್ಲಿ ಯಾವುದೋ ಜಪಾನಿ ಕಂಪನಿಯ ಆಫೀಸು ಅವರದು. ಅಷ್ಟು ದೂರದಿಂದ ಡ್ರೈವ್ ಮಾಡಿಕೊಂಡು ಬಂದು, ಅಡುಗೆಮನೆಯ ಬಾಗಿಲಿನ ಪಕ್ಕದ ಮೇಜಿನಲ್ಲೇ ಕೂತು, ಒಂದು ಮಸಾಲೆ ದೋಸೆ, ಒಂದು ಕಾಫಿ. ಸಾಂಬಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕೊನೆಯ ಹನಿಯವರೆಗೆ ಕುಡಿಯುತ್ತಿದ್ದರು. ಹೋಗುವಾಗ ಅಡುಗೆಮನೆಯ ಕಡೆ ತಿರುಗಿ ತಲೆ ಬಾಗಿಸುತ್ತಿದ್ದರು, ದೇವರ ಕೋಣೆಗೆ ಬಾಗಿದ ಹಾಗೆ. ಅಡುಗೆಯವರೆಲ್ಲ ಸೇರಿ ಅವರಿಗೆ ‘ಶನಿವಾರದ ಜಪಾನಿ’ ಎಂದು ಹೆಸರಿಟ್ಟಿದ್ದರು. ನಿಜವಾದ ಹೆಸರನ್ನು ನಾವು ಕೇಳಲೇ ಇಲ್ಲ. ನಮ್ಮವರ ಲೆಕ್ಕದಲ್ಲಿ ಗಿರಾಕಿಯ ಹಸಿವು ಗೊತ್ತಿದ್ದರೆ ಸಾಕು, ಹೆಸರು ಬೇಡ.

ನಮ್ಮವರ ಹತ್ತಿರ ಅವರು ಹಿಟ್ಟಿನ ವಿಷಯ ಮಾತ್ರ ಮಾತನಾಡುತ್ತಿದ್ದರು. ಉದ್ದು ಎಷ್ಟು ಹೊತ್ತು ನೆನೆಯಬೇಕು, ಚಳಿಗಾಲದಲ್ಲಿ ಹುಳಿ ಬರಲು ಏನು ಮಾಡುತ್ತೀರಿ, ಕಲ್ಲಿನ ಗ್ರೈಂಡರೇ ಏಕೆ. ಹೋಟೆಲಿನವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು? ನಮ್ಮವರು ಕಾವಲಿ ಬಿಟ್ಟು ಹೊರಗೆ ಬಂದು ಮಾತನಾಡುತ್ತಿದ್ದ ಗಿರಾಕಿ ಅವರೊಬ್ಬರೇ.

ಆಮೇಲೆ ಎರಡು ಸಾವಿರದ ಎಂಟರ ಶರತ್ಕಾಲ ಬಂತು. ಟಿವಿಯಲ್ಲಿ ದಿನಕ್ಕೊಂದು ಬ್ಯಾಂಕಿನ ಹೆಸರು ಕೆಂಪು ಅಕ್ಷರದಲ್ಲಿ ಓಡುತ್ತಿತ್ತು. ನಮ್ಮ ಗಲ್ಲಾದ ಮೇಲಿನ ಟಿವಿಯಲ್ಲಿ ಅಲ್ಲಿಯವರೆಗೆ ಕ್ರಿಕೆಟ್ ಬಿಟ್ಟು ಬೇರೇನೂ ಬಂದದ್ದಿಲ್ಲ. ಒಂದು ಶನಿವಾರ ನಮ್ಮ ಜಪಾನಿಯವರು ಕಾಫಿ ಮುಗಿಸಿದರೂ ಏಳಲಿಲ್ಲ. ಆಫೀಸು ಮುಚ್ಚುತ್ತಿದೆ, ತನ್ನನ್ನು ವಾಪಸು ಕಳುಹಿಸುತ್ತಿದ್ದಾರೆ ಎಂದರು. ತಟ್ಟೆಯ ಕೆಳಗಿನ ಕಾಗದವನ್ನು ಮಗುಚಿ, ಪೆನ್ನು ತೆಗೆದು, ಅಡ್ಡಕ್ಕೂ ಉದ್ದಕ್ಕೂ ಗೆರೆ ಎಳೆದರು. ಅದು ಕ್ಯೋಟೊ ನಗರದ ನಡುಭಾಗ. ಒಂದು ಕೋಟೆ, ಆರು ಮೂಲೆಯ ಒಂದು ದೇವಸ್ಥಾನ, ಒಂದು ಮಾರ್ಕೆಟ್ಟು, ಆಮೇಲೆ ಒಂದು ಸಣ್ಣ ಸುತ್ತು. ಆ ಸುತ್ತು ಅವರ ಮನೆ.

“ರಜೆ ಸಿಕ್ಕಾಗ ಬನ್ನಿ. ಇಷ್ಟನ್ನು ನಡೆದು ನೋಡಿದರೆ ಸಾಕು, ನನ್ನ ಊರು ನೋಡಿದ ಹಾಗೆ,” ಎಂದರು ಇಂಗ್ಲಿಷಿನಲ್ಲಿ.

ನಮ್ಮವರು “ಖಂಡಿತಾ” ಎಂದರು. ಹೋಟೆಲಿನವರು ಎಲ್ಲದಕ್ಕೂ ಖಂಡಿತಾ ಎನ್ನುತ್ತಾರೆ. ಆವತ್ತು ಅವರಿಗೆ ಬಿಲ್ಲು ಕೊಡಲಿಲ್ಲ.

ಚಳಿಗಾಲ ಹತ್ತಿರ ಬಂದ ಹಾಗೆ ಹೋಟೆಲು ತಣ್ಣಗಾಗುತ್ತ ಹೋಯಿತು. ಮಧ್ಯಾಹ್ನದ ಊಟಕ್ಕೆ ವ್ಯಾನ್ ತುಂಬಿಕೊಂಡು ಬರುತ್ತಿದ್ದ ಸಾಫ್ಟ್‌ವೇರ್ ಹುಡುಗರು ಇಬ್ಬಿಬ್ಬರು ಸೇರಿ ಒಂದು ದೋಸೆ ಹೇಳತೊಡಗಿದರು. ಆಮೇಲೆ ವ್ಯಾನೇ ಬರಲಿಲ್ಲ. ನಾಮಕರಣ, ಸೀಮಂತ ಎಂದು ಬರುತ್ತಿದ್ದ ಕೇಟರಿಂಗ್ ನಿಂತಿತು. ಜನ ಹಬ್ಬವನ್ನೂ ಮುಂದೂಡುತ್ತಾರೆ ಎಂದು ನನಗೆ ಗೊತ್ತಾದದ್ದು ಆ ವರ್ಷ. ಸಂಜೆ ಉಳಿದ ಹಿಟ್ಟನ್ನು ನಮ್ಮವರು ಸಿಂಕಿಗೆ ಸುರಿಯುವಾಗ ನಾನು ಆ ಕಡೆ ನೋಡುತ್ತಿರಲಿಲ್ಲ.

ಜನವರಿಯಲ್ಲಿ ಒಂದು ದಿನ ಅವರು ಹೇಳಿಯೇಬಿಟ್ಟರು. “ಮಾರ್ಚಿಗೆ ಲೀಸ್ ಮುಗಿತದೆ. ಇನ್ನು ಸೈನ್ ಮಾಡುದಿಲ್ಲ ನಾನು. ಕೀ ಕೊಟ್ಟುಬಿಡುವ.”

“ಮತ್ತೆ ಎಂತ ಮಾಡುದು?”

“ಯಾರದ್ದಾದ್ರೂ ಅಡುಗೆಮನೆಯಲ್ಲಿ ಕೆಲಸ ಸಿಗ್ತದೆ. ನನಗೆ ಸಾಕಾಯ್ತು ಮಾರಾಯ್ತಿ.”

ನನಗೆ ಹೋಟೆಲೆಂದರೆ ಪ್ರಾಣ ಎಂದು ಯಾರೂ ತಿಳಿಯಬಾರದು. ಇಪ್ಪತ್ತು ವರ್ಷ ಈರುಳ್ಳಿ ವಾಸನೆಯ ಕೂದಲು ಹೊತ್ತು ಮಲಗಿದವಳು ನಾನು. ಆದರೆ ಆ ಮಾತು ಹೇಳುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ, ಏನೂ ಇರಲಿಲ್ಲ. ಆ ಬಾಗಿಲು ಹಾಕಿದರೆ ಈ ಮನುಷ್ಯ ಮನೆಯಲ್ಲಿ ಕುರ್ಚಿಯ ಹಾಗೆ ಉಳಿದುಬಿಡುತ್ತಾರೆ ಎಂದು ನನಗೆ ಹೆದರಿಕೆಯಾಯಿತು. ನಾನು ಬೇಡ ಎಂದೆ. ಅವರು ಬೇಕು ಎಂದರು. ಎತ್ತು ಏರಿಗೆ, ಕೋಣ ನೀರಿಗೆ. ಹಾಗೆಯೇ ಫೆಬ್ರವರಿ ಬಂತು.

ಮಗಳು ಆಗ ನ್ಯೂಯಾರ್ಕಿನಲ್ಲಿ ಕೆಲಸಕ್ಕಿದ್ದಳು, ವಾರವಾರ ವಿಮಾನ ಹತ್ತುವ ಕೆಲಸ. ನಮ್ಮ ಮದುವೆಗೆ ಇಪ್ಪತ್ತೈದು ವರ್ಷವಾಗುತ್ತದೆ ಎಂದು, ಹೋಟೆಲು ಪೂರ್ತಿ ತಣ್ಣಗಾಗುವ ಮೊದಲೇ, ತನ್ನ ಏರ್‌ಲೈನ್ ಮೈಲುಗಳಲ್ಲಿ ನಮ್ಮಿಬ್ಬರಿಗೂ ಟಿಕೆಟ್ ಮಾಡಿದ್ದಳು. ಎಲ್ಲಿಗೆ ಹೋಗುತ್ತೀರಿ ಎಂದಾಗ ನನ್ನ ಬಾಯಿಗೆ ಕ್ಯೋಟೊ ಬಂದಿತ್ತು. ನನಗೆ ಗೊತ್ತಿದ್ದ ಪರದೇಶದ ನಕ್ಷೆ ಅದೊಂದೇ.

“ಹೋಟೆಲ್ ಮುಳುಗ್ತಾ ಉಂಟು, ಇವಳಿಗೆ ಟೂರು,” ಎಂದರು ನಮ್ಮವರು.

“ಅಪ್ಪಾ, ಕ್ಯಾನ್ಸಲ್ ಮಾಡಿದ್ರೆ ಇಟ್ಸ್ ಜಸ್ಟ್ ಗಾನ್. ಯೂ ಗೈಸ್ ಹ್ಯಾವ್ ನೆವರ್ ಟೇಕನ್ ಅ ವೆಕೇಶನ್,” ಎಂದಳು ಮಗಳು.

ಹಾಳಾಗಿ ಹೋಗುತ್ತದೆ ಎಂದ ಕೂಡಲೇ ಅವರು ಒಪ್ಪಿದರು. ಅನ್ನವಾಗಲಿ ಟಿಕೆಟ್ಟಾಗಲಿ, ಹಾಳಾಗುವುದನ್ನು ಅವರು ಸಹಿಸುವವರಲ್ಲ.

ಹೊರಡುವ ದಿನ ಬಾಗಿಲಿಗೆ ನಾನು ಇಂಗ್ಲಿಷಿನಲ್ಲಿ ಒಂದು ಬೋರ್ಡು ಬರೆದು ತೂಗುಹಾಕಿದೆ. ‘ರಜೆಯಲ್ಲಿದ್ದೇವೆ. ಫೆಬ್ರವರಿ ಇಪ್ಪತ್ತೈದಕ್ಕೆ ತೆರೆಯುತ್ತೇವೆ.’ ಅವರು ಅದನ್ನು ಓದಿದರು, ನನ್ನನ್ನು ನೋಡಿದರು, ಸೂಟ್‌ಕೇಸ್ ಎತ್ತಿಕೊಂಡು ನಡೆದರು. ಪಕ್ಕದ ಸೀರೆ ಅಂಗಡಿಯ ಗುಜರಾತಿ ಅಂಕಲ್ ಗಾಜಿನ ಒಳಗಿಂದ ಇದನ್ನೆಲ್ಲ ನೋಡುತ್ತಿದ್ದರು. ಅವರಿಗೂ ನಮಗೂ ಮಾತು ಬಿಟ್ಟು ಮೂರು ಚಳಿಗಾಲವಾಗಿತ್ತು. ಕಾರಣ ಹೇಳಿದರೆ ನಗುತ್ತೀರಿ. ಒಂದು ದೊಡ್ಡ ಸ್ನೋ ಬಿದ್ದ ದಿನ ನಮ್ಮವರು ಶಾವೆಲ್ ಹಿಡಿದು ಎತ್ತಿ ಹಾಕಿದ ಹಿಮ ಅವರ ಶೋಕೇಸಿನ ಮುಂದೆ ಗುಡ್ಡೆಯಾಗಿತ್ತು. ಅವರು ಕೂಗಾಡಿದರು, ಇವರೂ ಬಿಡಲಿಲ್ಲ. ಆಮೇಲಿಂದ ಇಬ್ಬರೂ ತಮ್ಮ ತಮ್ಮ ಗಡಿಯವರೆಗೆ ಮಾತ್ರ, ಒಂದು ಇಂಚು ಆಚೆ ಇಲ್ಲದ ಹಾಗೆ, ಸೈಡ್‌ವಾಕ್ ಬಾಚುತ್ತಿದ್ದರು. ನಡುವೆ ಗದ್ದೆಯ ಬದುವಿನ ಹಾಗೆ ಹಿಮದ ಸಾಲು ನಿಂತಿರುತ್ತಿತ್ತು. ಗಿರಾಕಿಗಳು ಅದನ್ನು ದಾಟಿಕೊಂಡು ದೋಸೆಯಿಂದ ಸೀರೆಗೆ ಹೋಗುತ್ತಿದ್ದರು.

ಕ್ಯೋಟೊದಲ್ಲಿ ನಾವು ಇಳಿದುಕೊಂಡದ್ದು ಊರಿನ ನಡುಮಧ್ಯದ ಒಂದು ಓಣಿಯ ಹಳೆಯ ಮರದ ಮನೆಯಲ್ಲಿ. ಮುಂದಿನಿಂದ ನೋಡಿದರೆ ಎರಡು ಮಾರು ಅಗಲ, ಒಳಗೆ ಹೋದರೆ ಮುಗಿಯುವುದೇ ಇಲ್ಲ. ನಡೆಸುತ್ತಿದ್ದವಳು ನನ್ನದೇ ವಯಸ್ಸಿನ ಹೆಂಗಸು, ನಾಲ್ಕು ಮಾತು ಇಂಗ್ಲಿಷ್ ಬರುತ್ತಿತ್ತು. ಓಣಿಯ ಪ್ರತಿ ಮನೆಯ ಮುಂದೂ ಒಂದು ಕೆಂಪು ಬಕೆಟ್ಟು, ತುಂಬ ನೀರು. ಎಷ್ಟು ಅಚ್ಚುಕಟ್ಟು ಇವರು, ಬಂದವರಿಗೆ ಕಾಲು ತೊಳೆಯಲು ನೀರಿಟ್ಟಿದ್ದಾರೆ ಎಂದುಕೊಂಡೆ.

ಮೊದಲ ದಿನ ನಕ್ಷೆಯ ಮೊದಲ ಜಾಗ, ನಿಜೊ ಕೋಟೆ. ಕಲ್ಲಿನ ಗೋಡೆ, ಕಂದಕ, ಒಳಗೆ ಅರಮನೆ. ಚಪ್ಪಲಿ ಬಿಟ್ಟು ಒಳಗೆ ನಡೆದರೆ ಮರದ ನೆಲ ಚಿಲಿಪಿಲಿ ಎನ್ನುತ್ತದೆ. ಕಾಲಿಟ್ಟಲ್ಲೆಲ್ಲ ಹಕ್ಕಿ ಕೂಗಿದ ಹಾಗೆ. ಶತ್ರು ಕಳ್ಳಹೆಜ್ಜೆಯಲ್ಲಿ ಬಂದರೆ ಗೊತ್ತಾಗಲಿ ಎಂದು ಹಾಗೆ ಮಾಡಿದ್ದಂತೆ. ನಾನು ಚಿಕ್ಕ ಹುಡುಗಿಯ ಹಾಗೆ ಹಿಂದೆ ಮುಂದೆ ನಡೆದು ನಡೆದು ಕೇಳಿದೆ. ಚಿನ್ನದ ಗೋಡೆಯ ಮೇಲಿನ ಹುಲಿ, ಪೈನ್ ಮರ ಎಲ್ಲ ನೋಡಿ ಹೊರಗೆ ಬಂದರೆ ತೋಟದಲ್ಲಿ ಪ್ಲಮ್ ಮರಗಳು ಎಲೆಯೇ ಇಲ್ಲದೆ ಹೂ ಬಿಟ್ಟು ನಿಂತಿದ್ದವು. ಆ ಚಳಿಯಲ್ಲಿ ಅಷ್ಟು ಹೂ. ನಾನು ಉಸಿರು ಬಿಡುವುದನ್ನೂ ಮರೆತು ನೋಡುತ್ತಿದ್ದೆ.

“ನಮ್ಮ ಸ್ಟೋರ್‌ರೂಮಿನ ಬಾಗಿಲು ಕೂಡ ಹೀಗೇ ಕಿರ್ ಅಂತದೆ,” ಎಂದರು ನಮ್ಮವರು. ಇಡೀ ದಿನದಲ್ಲಿ ಆಡಿದ ಮೊದಲ ಮಾತು. “ಎಣ್ಣೆ ಬಿಡ್ಬೇಕಿತ್ತು. ಇನ್ನೆಂತಕ್ಕೆ?”

ಸಂಜೆ ಕೋಣೆಯಲ್ಲಿ ಕೂತು ಮನೆಯಿಂದ ತಂದ ಅವಲಕ್ಕಿಗೆ ಉಪ್ಪಿನಕಾಯಿ ಕಲಸಿ ತಿಂದೆವು. ಆ ಊರಿನಲ್ಲಿ ಸೊಪ್ಪಿನ ಸಾರಿನಲ್ಲೂ ಮೀನು ಇರುತ್ತದೆ ಎಂದು ಮಗಳು ಮೊದಲೇ ಎಚ್ಚರಿಸಿದ್ದಳು.

ಎರಡನೆಯ ದಿನ ನಾನು ಮಾಡಿದ ಘನಕಾರ್ಯ ಕೇಳಿ. ಬೆಳಗ್ಗೆ ಐದಕ್ಕೇ ಎಚ್ಚರವಾಯಿತು. ಹುಟ್ಟುಗುಣ ಸುಟ್ಟರೂ ಹೋಗದು. ಬಾಗಿಲು ತೆರೆದ ಕೂಡಲೇ ಅಂಗಳ ಗುಡಿಸಿ ನೀರು ಚಿಮುಕಿಸದಿದ್ದರೆ ನನಗೆ ದಿನ ಶುರುವಾದ ಹಾಗಲ್ಲ. ಅಮ್ಮ ಕಲಿಸಿದ್ದು, ಅತ್ತೆ ಗಟ್ಟಿ ಮಾಡಿದ್ದು. ಅಮೆರಿಕದಲ್ಲೂ ಹೋಟೆಲಿನ ಮುಂದೆ ಬಿಟ್ಟಿರಲಿಲ್ಲ. ಕ್ಯೋಟೊದ ಆ ಮನೆಯ ಬಾಗಿಲ ಸಂದಿನಲ್ಲಿ ಒಂದು ಬಿದಿರಿನ ಪೊರಕೆ ಇತ್ತು. ಕೋಟು ಹಾಕಿಕೊಂಡು ಹೊರಗೆ ಹೋದೆ. ಆ ಮನೆಯ ಮುಂದೆ ಗುಡಿಸಲು ಎಷ್ಟು ಹೊತ್ತು ಬೇಕು? ಕೈ ನಿಲ್ಲಲಿಲ್ಲ. ಎಡಗಡೆಯ ಮನೆಯ ಮುಂದೆ ಗುಡಿಸಿದೆ, ಬಲಗಡೆಯದ್ದನ್ನೂ ಗುಡಿಸಿದೆ. ಪುಣ್ಯ ಬರಲಿ ಎಂದು ಓಣಿಯ ಮೂಲೆಯವರೆಗೂ ಗುಡಿಸಿದೆ. ಕೆಂಪು ಬಕೆಟ್ಟಿನಲ್ಲಿ ನೀರು ತಯಾರಾಗಿಯೇ ಇತ್ತಲ್ಲ, ಮೂರು ಮನೆಯ ಮೂರೂ ಬಕೆಟ್ಟು ಖಾಲಿ ಮಾಡಿ ಚೆನ್ನಾಗಿ ಚಿಮುಕಿಸಿದೆ. ಓಣಿ ಫಳಫಳ ಎನ್ನುತ್ತಿತ್ತು.

ಆಗ ನಮ್ಮ ಮನೆಯೊಡತಿ ಹೊರಗೆ ಬಂದಳು. ನನ್ನ ಕೈಯ ಪೊರಕೆ ನೋಡಿದಳು, ನೆಲ ನೋಡಿದಳು, ಬಕೆಟ್ಟು ನೋಡಿದಳು. ಮುಖ ಬಿಳಿಚಿತು. ಎಡಮನೆಯ ಮುದುಕ ತನ್ನ ಪೊರಕೆ ಹಿಡಿದು ಹೊರಗೆ ಬಂದವನು ಗುಡಿಸಲು ಏನೂ ಇಲ್ಲದೆ ನಿಂತುಬಿಟ್ಟ. ಇವಳು ಅವನಿಗೆ ಬಾಗಿ ಬಾಗಿ ಏನೋ ಹೇಳಿದಳು. ಬಲಮನೆಗೆ ಹೋಗಿ ಅಲ್ಲಿಯೂ ಬಾಗಿದಳು. ನನಗೆ ಬಕೆಟ್ಟು ತೋರಿಸಿ “ಫೈರ್, ಫೈರ್” ಎಂದಳು. ಅದು ಬೆಂಕಿ ಬಿದ್ದರೆ ನಂದಿಸಲು ಇಟ್ಟ ನೀರು! ಮರದ ಮನೆಗಳ ಓಣಿ, ಕಾಲು ತೊಳೆಯಲು ಇಟ್ಟದ್ದಲ್ಲ. ಬಕೆಟ್ಟಿನ ವಿಷಯ ಅರ್ಥವಾಯಿತು, ಗುಡಿಸಿದ್ದಕ್ಕೆ ಏಕೆ ಅಷ್ಟು ಸಂಕಟಪಟ್ಟಳು ಎಂದು ಮಾತ್ರ ಆಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವಳು ಎರಡು ಸಿಹಿತಿಂಡಿಯ ಪೊಟ್ಟಣ ಹಿಡಿದು ಎರಡೂ ಮನೆಗೆ ಕ್ಷಮೆ ಕೇಳಲು ಹೊರಟಳು. ನನ್ನ ಮಾನ ಮೂರು ಮನೆಗೂ ಹಂಚಿಹೋಯಿತು.

ಮೇಲೆ ಬಂದು ನಮ್ಮವರಿಗೆ ಹೇಳುವಾಗ ನನಗೆ ಅಳುವೇ ಬಂದಿತ್ತು. ಅವರು ಹಾಸಿಗೆಯಲ್ಲಿ ಎದ್ದು ಕೂತು ಕೇಳಿದರು. “ಮೂರೂ ಬಕೆಟಾ?” ಎಂದರು. ಹೌದು ಎಂದೆ. “ಕ್ಯೋಟೊದ ಇಡೀ ಫೈರ್ ಸರ್ವಿಸ್ ಖಾಲಿ ಮಾಡಿ ಬಂದ್ಯಾ ಮಾರಾಯ್ತಿ!” ಎಂದು ನಗಲು ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅಕ್ಟೋಬರಿನಿಂದ ಆ ನಗು ಕೇಳಿರಲಿಲ್ಲ ನಾನು. ಇನ್ನೂ ನಾಲ್ಕು ಬಕೆಟ್ ಚೆಲ್ಲಿದ್ದರೂ ಆಗುತ್ತಿತ್ತು ಎನ್ನಿಸಿತು.

ಆ ದಿನ ಅವರು ನಕ್ಷೆಯನ್ನು ತಾವೇ ಹಿಡಿದುಕೊಂಡರು. ಆರು ಮೂಲೆಯ ದೇವಸ್ಥಾನ ಎತ್ತರದ ಆಫೀಸು ಕಟ್ಟಡಗಳ ನಡುವೆ ಮುದುರಿ ಕೂತಿತ್ತು. ಮುಂದೆ ಒಂದು ವಿಲೋ ಮರ, ಅದರ ಕೊಂಬೆಗಳಿಗೆ ಜನ ಕಟ್ಟಿದ ಕಾಗದದ ಚೀಟಿಗಳು. ಅಂಗಳದ ನೆಲದಲ್ಲಿ ಒಂದು ಕಲ್ಲು, ನಡುವೆ ತೂತು. ಅದು ಕ್ಯೋಟೊದ ಹೊಕ್ಕುಳು, ಊರಿನ ನಟ್ಟನಡು ಇಲ್ಲಿಯೇ ಎಂದು ನಂಬುತ್ತಾರೆ. ಶನಿವಾರದ ಜಪಾನಿಯವರು ನಕ್ಷೆಯಲ್ಲಿ ಅದಕ್ಕೆ ಒಂದು ಚುಕ್ಕಿ ಇಟ್ಟಿದ್ದರು. ನಮ್ಮವರು ಆ ಕಲ್ಲನ್ನು ಬಗ್ಗಿ ನೋಡಿ, “ನಮ್ಮಲ್ಲಿ ಒರಳಿನ ಗುಂಡಿ ಹೀಗೇ ಇರ್ತದೆ,” ಎಂದರು.

ಅಲ್ಲಿಂದ ನಿಶಿಕಿ ಮಾರ್ಕೆಟ್ಟು. ಮೇಲೆ ಬಣ್ಣದ ಗಾಜಿನ ಸೂರು, ಕೆಳಗೆ ಇಬ್ಬರು ಎದುರಾದರೆ ಭುಜ ತಾಗುವಷ್ಟು ಕಿರಿದಾದ ದಾರಿ, ಎರಡೂ ಕಡೆ ಅಂಗಡಿ. ತೌಡಿನಲ್ಲಿ ಹೂತಿಟ್ಟ ಮೂಲಂಗಿ, ಬದನೆ. ಸಕ್ಕರೆಯಲ್ಲಿ ಬೇಯಿಸಿದ ಕಪ್ಪು ಕಾಳು. ಹುರಿದ ಎಳ್ಳಿನ ವಾಸನೆ. ಮೀನಿನ ಅಂಗಡಿ ಬಂದಾಗ ನಾನು ಸೆರಗಿಲ್ಲದೆ ಕೋಟಿನ ತೋಳನ್ನೇ ಮೂಗಿಗೆ ಹಿಡಿದೆ. ನಮ್ಮವರು ಪ್ರತಿ ಅಂಗಡಿಯ ಮುಂದೂ ನಿಂತರು. ಸೋಯಾ ಹಾಲಿನ ಕೆನೆಯನ್ನು ಕೋಲಿನಲ್ಲಿ ಎತ್ತಿ ಒಣಹಾಕುವವನನ್ನು ಬಹಳ ಹೊತ್ತು ನೋಡಿದರು. “ಉರಿ ಸಣ್ಣ ಇಟ್ಟಿದ್ದಾನೆ ನೋಡು. ಅವಸರ ಇಲ್ಲ ಅವನಿಗೆ,” ಎಂದರು. ಒಬ್ಬ ಉಪ್ಪಿನಕಾಯಿಯವನು ರುಚಿಗೆ ಕೊಟ್ಟದ್ದನ್ನು ಕಣ್ಣು ಮುಚ್ಚಿ ಅಗಿದು, “ನಾಲ್ಕು ದಿನದ ಹುಳಿ,” ಎಂದು ನಾಲ್ಕು ಬೆರಳು ತೋರಿಸಿದರು. ಅವನು ಬೆರಗಾಗಿ ಇನ್ನೊಂದು ತುಂಡು ಕೊಟ್ಟ. ನಾನು ಹಿಂದಿನಿಂದ ನೋಡುತ್ತ ನಡೆದೆ. ನನ್ನ ಗಂಡ ವಾಪಸು ಬರುತ್ತಿದ್ದರು, ಒಂದೊಂದೇ ಅಂಗಡಿಯಾಗಿ.

ಮೂರನೆಯ ದಿನ ಉಳಿದದ್ದು ಆ ಸಣ್ಣ ಸುತ್ತು. ಗಿರಾಕಿಯ ಮನೆಗೆ ಹೇಳದೆ ಕೇಳದೆ ಹೇಗೆ ಹೋಗುವುದು ಎಂದು ನಮ್ಮವರು ಹಿಂದೆ ಮುಂದೆ ನೋಡಿದರು. ಹೊರಗಿನಿಂದ ನೋಡಿಕೊಂಡು ಬರೋಣ ಎಂದು ಎಳೆದುಕೊಂಡು ಹೋದೆ. ಬೆಳಗ್ಗೆ ಬೇಗ ಇತ್ತು. ನಾವು ಆ ಓಣಿಗೆ ತಿರುಗಿದಾಗ ಒಬ್ಬರು ಮುಚ್ಚಿದ ಅಂಗಡಿಯೊಂದರ ಮುಂದೆ ಗುಡಿಸುತ್ತಿದ್ದರು. ನಮ್ಮನ್ನು ನೋಡಿ ಪೊರಕೆ ಹಿಡಿದೇ ನಿಂತರು. ಆಮೇಲೆ ಬಾಗಿದರು, ನಮ್ಮ ಅಡುಗೆಮನೆಗೆ ಬಾಗುತ್ತಿದ್ದ ಹಾಗೆಯೇ.

ಒಳಗೆ ಕರೆದು ಚಹಾ ಕೊಟ್ಟರು. ಅದು ತಲೆಮಾರುಗಳಿಂದ ನಡೆದ ತೋಫು ಅಂಗಡಿ. ಅಣ್ಣ ನಡೆಸುತ್ತಿದ್ದರು, ತಮ್ಮನಾದ ಇವರು ಕಂಪನಿ ಕೆಲಸ ಹಿಡಿದು ದೇಶ ಸುತ್ತಿದರು. ಅಣ್ಣ ತೀರಿಕೊಂಡ ಮೇಲೆ ಒಂದು ವರ್ಷ ಬಾಗಿಲು ಹಾಕಿಯೇ ಇತ್ತು. ಒಳಗೆ ಬಾವಿ, ತೊಟ್ಟಿ, ಮೂಲೆಯಲ್ಲಿ ಸೋಯಾ ಅರೆಯುವ ದೊಡ್ಡ ಬೀಸುಕಲ್ಲು. ದೋಸೆ ಹಿಟ್ಟಿನ ಬಗ್ಗೆ ಅಷ್ಟು ಪ್ರಶ್ನೆ ಕೇಳುತ್ತಿದ್ದದ್ದು ಏಕೆ ಎಂದು ನನಗೆ ಆಗ ತಿಳಿಯಿತು. ಅವರ ಮನೆಯಲ್ಲೂ ಪ್ರತಿದಿನ ಕಾಳು ನೆನೆಯುತ್ತಿತ್ತು.

“ನನಗೆ ಆ ಕೆಲಸ ಬರುವುದಿಲ್ಲ. ಚಿಕ್ಕಂದಿನಲ್ಲಿ ಬೇಡ ಎಂದು ಓಡಿಹೋದೆ,” ಎಂದರು. “ಹಾಗಾಗಿ ಗುಡಿಸುತ್ತೇನೆ.”

ಗುಡಿಸುವ ಮಾತು ಬಂದದ್ದೇ ನಮ್ಮವರು ನನ್ನ ಸಾಹಸವನ್ನೆಲ್ಲ ಹೇಳಿಬಿಟ್ಟರು. ಜಪಾನಿಯವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಬಿಡಿಸಿ ಹೇಳಿದರು. ಈ ಊರಿನಲ್ಲಿ ಎಲ್ಲರೂ ಬೆಳಗ್ಗೆ ತಮ್ಮ ಮನೆಯ ಮುಂದೆ ಗುಡಿಸುತ್ತಾರೆ, ಜೊತೆಗೆ ಪಕ್ಕದ ಮನೆಯ ಮುಂದೆ ಒಂದಡಿ. ಒಂದಡಿಯೂ ಗುಡಿಸದಿದ್ದರೆ ನೀವು ಕಲ್ಲುಮನಸ್ಸಿನವರು. ಒಂದಡಿಗಿಂತ ಹೆಚ್ಚು ಗುಡಿಸಿದರೆ ‘ನೀನು ಸೋಮಾರಿ’ ಎಂದು ಪಕ್ಕದವನಿಗೆ ಹೇಳಿದ ಹಾಗೆ, ಅವನ ಮೇಲೆ ಋಣ ಹೊರಿಸಿದ ಹಾಗೆ. ಅಳತೆ ಅಷ್ಟೇ, ಒಂದಡಿ.

“ಅಣ್ಣ ಹೋದ ಮೇಲೆ ಆ ಒಂದು ವರ್ಷ, ಈ ಕಡೆಯವರು ಒಂದಡಿ ಗುಡಿಸಿದರು, ಆ ಕಡೆಯವರು ಒಂದಡಿ. ನಡುವೆ ಯಾರೂ ಮುಟ್ಟಲಿಲ್ಲ. ನಾನು ಅಮೆರಿಕದಿಂದ ಬಂದ ದಿನ ಬಾಗಿಲ ಮುಂದೆ ಎರಡೂ ಬದಿ ಸ್ವಚ್ಛ, ನಡುವೆ ಮಾತ್ರ ಎಲೆ ತುಂಬಿತ್ತು,” ಎಂದರು. ಚಹಾದ ಬಟ್ಟಲು ಕೆಳಗಿಟ್ಟು, “ಅದು ನನ್ನ ಪಾಲು ಎಂದು ಬಿಟ್ಟಿದ್ದರು,” ಎಂದರು.

ನಮ್ಮವರು ಎದ್ದು ಆ ಬೀಸುಕಲ್ಲಿನ ಹತ್ತಿರ ಹೋದರು. ಅವರನ್ನು ಕೇಳಿ, ಮೇಲಿನ ಕಲ್ಲು ಸರಿಸಿ, ಒಳಗಿನ ಗೀರುಗಳ ಮೇಲೆ ಬೆರಳು ಆಡಿಸಿದರು. ಹಿಡಿ ಹಿಡಿದು ಒಂದು ಸುತ್ತು ತಿರುಗಿಸಿದರು. ಖಾಲಿ ಕಲ್ಲಿನ ಸದ್ದು ಇಡೀ ಮನೆಗೆ ಕೇಳಿತು. ಜಪಾನಿಯವರು ಕಣ್ಣು ಕೆಳಗೆ ಹಾಕಿದರು.

ಬೀಳ್ಕೊಡುವಾಗ ಅವರು ಕೇಳಿದರು, “ನಿಮ್ಮ ಹೋಟೆಲು ಹೇಗಿದೆ?”

ನಮ್ಮವರು ಬಾಯಿ ತೆರೆಯುವ ಮೊದಲು ನಾನು ಹೇಳಿದೆ, “ಇಪ್ಪತ್ತೈದಕ್ಕೆ ತೆರೆಯುತ್ತದೆ.”

ಅಲ್ಲಿಂದ ಕಾಮೊ ನದಿಯ ದಂಡೆಯವರೆಗೆ ಅವರು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು. ನದಿಯಲ್ಲಿ ಹೆಚ್ಚು ನೀರಿರಲಿಲ್ಲ, ಗಾಳಿ ಮಾತ್ರ ಕೊಯ್ಯುತ್ತಿತ್ತು. ದಂಡೆಯ ಕಲ್ಲಿನ ಮೇಲೆ ಕೂತ ಮೇಲೆ ಸಿಟ್ಟು ಹೊರಗೆ ಬಂತು.

“ಅವರ ಎದುರು ಎಂತಕ್ಕೆ ಸುಳ್ಳು ಹೇಳಿದ್ದು?”

“ಬೋರ್ಡಿನಲ್ಲಿ ಇದ್ದದ್ದು ಹೇಳಿದೆ.”

“ಬೋರ್ಡ್ ಬರ್ದದ್ದು ನೀನು.”

“ಹೌದು, ನಾನೇ. ಮುಚ್ಚಿದೆ ಅಂತ ಬರೀಲಿಕ್ಕೆ ನಿಮ್ಮ ಕೈಯಲ್ಲಿ ಆಗ್ಲಿಲ್ಲ, ತೆರೀತೇವೆ ಅಂತ ಬರೀಲಿಕ್ಕೂ ಆಗ್ಲಿಲ್ಲ. ನಾನು ಬರ್ದೆ. ಹೋಟೆಲ್ ಹೋದ್ರೆ ಹೋಗ್ಲಿ ಮಾರಾಯ್ರೆ, ನೀವು ಹೋದ್ರೆ ನಾನು ಎಂತ ಮಾಡ್ಲಿ? ನಾಲ್ಕು ತಿಂಗಳಾಯ್ತು ನೀವು ಮನೆಯಲ್ಲಿ ಇಲ್ಲದೆ!”

ನಾನು ಅತ್ತೆ. ನದಿಯ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಅವರು ಸಮಾಧಾನ ಮಾಡುವ ಜಾತಿಯಲ್ಲ. ಚೀಲದಿಂದ ಅವಲಕ್ಕಿ ಡಬ್ಬಿ ತೆಗೆದು ನನ್ನ ಕಡೆ ಹಿಡಿದರು, ಅಷ್ಟೇ. ನಾನು ತೆಗೆದುಕೊಳ್ಳಲಿಲ್ಲ. ಡಬ್ಬಿಯನ್ನು ನಮ್ಮಿಬ್ಬರ ನಡುವೆ ಇಟ್ಟು, “ಆ ಬೀಸುಕಲ್ಲು ನೋಡಿದ್ಯಾ? ಇನ್ನೂ ಹತ್ತು ವರ್ಷ ಅರೀಬಹುದು ಅದರಲ್ಲಿ,” ಎಂದರು.

ಇಷ್ಟೇ. ವಿಮಾನದಲ್ಲಿ ಹದಿಮೂರು ಗಂಟೆ ಹೋಟೆಲಿನ ಮಾತು ಬರಲಿಲ್ಲ. ಅವರು ಏನು ತೀರ್ಮಾನ ಮಾಡಿದ್ದಾರೆ ಎಂದು ನನಗೂ ಕೇಳುವ ಧೈರ್ಯವಿರಲಿಲ್ಲ.

ಇಪ್ಪತ್ತನಾಲ್ಕರ ಮಧ್ಯಾಹ್ನ ಮಗಳು ಏರ್‌ಪೋರ್ಟಿಗೆ ಬಂದಿದ್ದಳು. ನಾವು ಇಲ್ಲದಾಗ ಚೆನ್ನಾಗಿ ಸ್ನೋ ಬಿದ್ದಿತ್ತು, ರಸ್ತೆಯ ಬದಿಯಲ್ಲೆಲ್ಲ ಬೂದುಬಣ್ಣದ ರಾಶಿ. “ಹೋಟೆಲಿನ ದಾರಿಯಾಗಿ ಹೋಗು. ಮೇಲ್ ಬಂದಿರ್ತದೆ, ತೆಕ್ಕೊಂಡು ಹೋಗುವ,” ಎಂದರು ನಮ್ಮವರು. ಬಾಚದೆ ಬಿಟ್ಟ ಸೈಡ್‌ವಾಕಿಗೆ ಟೌನಿನವರ ನೋಟೀಸು ಅಂಟಿರುತ್ತದೆ ಎಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ.

ಕಾರು ನಿಂತಿತು. ಮೂವರೂ ಇಳಿದು ನೋಡಿದೆವು. ನಮ್ಮ ಹೋಟೆಲಿನ ಮುಂದೆ ಒಂದು ಹಿಡಿ ಹಿಮ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಬಾಚಿ, ಮತ್ತೆ ಹೆಪ್ಪುಗಟ್ಟದಿರಲೆಂದು ಮೇಲೆ ಉಪ್ಪು ಹಾಕಿತ್ತು. ಸೀರೆ ಅಂಗಡಿಗೂ ನಮಗೂ ನಡುವೆ ಬದು ಇರಲಿಲ್ಲ. ಬೋರ್ಡು ಸ್ವಲ್ಪ ವಾಲಿಕೊಂಡು ತೂಗುತ್ತಿತ್ತು.

ಸೀರೆ ಅಂಗಡಿಯ ಅಂಕಲ್ ಬಾಗಿಲಿಗೆ ಬಂದರು. ಮೂರು ಚಳಿಗಾಲದ ಮೇಲೆ ಮೊದಲ ಮಾತು, ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ, ಮುಖ ಗಂಟು ಹಾಕಿಕೊಂಡೇ ಆಡಿದರು. “ಇಪ್ಪತ್ತೈದಕ್ಕೆ ತೆರೆಯುತ್ತೀರಿ ಎಂದು ಬರೆದಿದ್ದೀರಲ್ಲ. ನಾಳೆ ಬಂದ ಗಿರಾಕಿ ಜಾರಿ ಬಿದ್ದರೆ? ಎರಡು ಸಲ ಬಾಚಿದೆ. ನನ್ನ ಸೊಂಟ ಹೋಯಿತು.”

ನಮ್ಮವರು ನೆಲ ನೋಡಿದರು. ಅವರ ಬಾಗಿಲಿನಿಂದ ನಮ್ಮ ಬಾಗಿಲಿನವರೆಗೆ, ಅಲ್ಲಿಂದ ಆಚೆ ತುದಿಯವರೆಗೆ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ ಹೇಳಿದರು. “ಇಡೀ ಬಾಚಿದ್ದಾನೆ ಮಾರಾಯ್ತಿ. ಒಂದಡಿ ಅಲ್ಲ.”

ಆಮೇಲೆ ಕೋಟಿನ ಜೇಬಿಗೆ ಕೈ ಹಾಕಿ ಕೀ ತೆಗೆದರು. ಕ್ಯೋಟೊದಲ್ಲಿ ಅಷ್ಟೂ ದಿನ ಅದು ಅವರ ಜೇಬಿನಲ್ಲೇ ಇತ್ತೆಂದು ನನಗೆ ಗೊತ್ತಿರಲಿಲ್ಲ. ಬೀಗ ತೆಗೆದು ಒಳಗೆ ಹೋದರು. ಸ್ಟೋರ್‌ರೂಮಿನ ಬಾಗಿಲು ಕಿರ್ ಎಂದದ್ದು ರಸ್ತೆಯವರೆಗೆ ಕೇಳಿತು. ನಾನೂ ಮಗಳೂ ಸೂಟ್‌ಕೇಸು ಹಿಡಿದು ಹೊರಗೆ ಚಳಿಯಲ್ಲಿ ನಿಂತಿದ್ದೆವು.

“ಇನ್ನೂ ಎಂತ ನಿಂತದ್ದು ಅಲ್ಲಿ?” ಎಂದು ಒಳಗಿಂದ ಕೂಗಿದರು. “ಗಂಟೆ ಮೂರಾಯ್ತು. ಈಗ ನೆನೆಹಾಕಿದ್ರೆ ನಾಳೆಗೆ ಹುಳಿ ಬರ್ತದೆ. ಉದ್ದು ಎಲ್ಲಿಟ್ಟಿದ್ದಿ?”